ಮನೆಯವರೇ ಪ್ರಯಾಣಿಕರಾದಾಗ

(ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಹತ್ತಿರ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ವಿಮಾನ ಹಾರಿಸುತ್ತೇನೆ ಅಂತ ಗೊತ್ತಾದ ಕೂಡಲೇ ನಮ್ಮ ಜನ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ದುಡ್ಡಾಯಿತು, ಭಯ ಆಗಲ್ವಾ. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಭಯದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು, ಯಾಕೆಂದರೆ ನನ್ನ ವಿಮಾನದ ಹಿಂದಿನ ಸೀಟಿನಲ್ಲಿ ಕೂರುವವರು ಎಂಟು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ.

ಸ್ವಂತಕ್ಕೆ ಹಾರಿಸುವ ಸಣ್ಣ ವಿಮಾನ ಏರ್‌ಲೈನ್ ವಿಮಾನದಷ್ಟು ಸುರಕ್ಷಿತ ಅಲ್ಲ. ಅದರ ಹತ್ತಿರಕ್ಕೂ ಬರುವುದಿಲ್ಲ. ಅಮೆರಿಕದಲ್ಲಿ ಈ ಬಗೆಯ ಹಾರಾಟದಲ್ಲಿ ಪ್ರತಿ ಲಕ್ಷ ಗಂಟೆಗೆ ಸುಮಾರು ಒಂದು ಅಪಘಾತ ಪ್ರಾಣ ತೆಗೆಯುತ್ತದೆ. ರಸ್ತೆಯ ಲೆಕ್ಕಕ್ಕೆ ತಂದರೆ ಇದು ಕಾರಿಗಿಂತ ಮೋಟಾರ್‌ಸೈಕಲ್ಲಿಗೆ ಹತ್ತಿರ. ‘ಏರ್‌ಪೋರ್ಟಿಗೆ ಹೋಗುವ ರಸ್ತೆಯೇ ಹೆಚ್ಚು ಅಪಾಯ’ ಅನ್ನುವ ಮಾತು ಏರ್‌ಲೈನಿಗೆ ಸರಿ, ನಮ್ಮ ವಿಮಾನಕ್ಕೆ ಸಲ್ಲುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಯಾರೇ ಆಗಲಿ ಇದನ್ನು ಒಪ್ಪಿಕೊಂಡೇ ಕೀಲಿ ಕೈಗೆ ತೆಗೆದುಕೊಳ್ಳಬೇಕು.

ಹಾಗಾದರೆ ಯಾಕೆ ಹಾರಿಸುತ್ತೇನೆ? ಆ ಒಂದು ಅಪಘಾತ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಅನ್ನುವುದರಿಂದ. ತನಿಖೆಯ ವರದಿಗಳನ್ನು ಓದುತ್ತಾ ಹೋದರೆ ಅವೇ ಕಾರಣಗಳು ಮತ್ತೆ ಮತ್ತೆ ಬರುತ್ತವೆ. ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವವರು ಮೋಡದೊಳಗೆ ನುಗ್ಗಿದ್ದು, ಇಂಧನ ಮುಗಿದದ್ದು, ಇಳಿಯುವ ಮುಂಚಿನ ತಿರುವಿನಲ್ಲಿ ವೇಗ ಕಳೆದುಕೊಂಡು ರೆಕ್ಕೆ ಸ್ಟಾಲ್ ಆದದ್ದು, ಅಂದರೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಂಡದ್ದು, ಬಿಸಿಲಿನ ದಿನ ಎತ್ತರದ ಊರಿನಿಂದ ಭಾರ ತುಂಬಿಕೊಂಡು ಏರಲು ಹೊರಟದ್ದು. ಎಂಜಿನ್ ಕೈಕೊಡುವುದೂ ಇದೆ, ಆದರೆ ಪಟ್ಟಿಯ ದೊಡ್ಡ ಪಾಲು ಪೈಲಟ್ ತೆಗೆದುಕೊಂಡ ನಿರ್ಧಾರಗಳದ್ದು. ನಿರ್ಧಾರ ಅಂದ ಮೇಲೆ ಅದನ್ನು ಬದಲಾಯಿಸುವುದಕ್ಕೂ ಆಗಬೇಕು.

ಇಲ್ಲಿ ಮಕ್ಕಳ ಮಾತು ಬರುತ್ತದೆ. ದೊಡ್ಡವರು ತಿಳಿದು ವಿಮಾನ ಹತ್ತುತ್ತಾರೆ. ನಾಲ್ಕು ವರ್ಷದ ಮಗು ಅಮ್ಮ ಕರೆದಳು ಅಂತ ಹತ್ತುತ್ತದೆ. ಅದರ ಪರವಾಗಿ ‘ಬೇಡ’ ಅನ್ನುವವರು ಯಾರಾದರೂ ಇರಲೇಬೇಕು, ಮತ್ತು ಆ ವ್ಯಕ್ತಿ ಹಾರಿಸಬೇಕು ಅನ್ನುವ ಆಸೆ ಇರುವ ಪೈಲಟ್ ಆಗಿರಬಾರದು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಇದನ್ನೇ.

ಅಮೆರಿಕದ ಏರ್‌ಲೈನ್‌ಗಳಲ್ಲಿ ಡಿಸ್ಪ್ಯಾಚರ್ ಅಂತ ಒಬ್ಬರು ಇರುತ್ತಾರೆ. ಅವರು ವಿಮಾನದೊಳಗೆ ಇರುವುದಿಲ್ಲ, ನೆಲದ ಮೇಲೆ ಕೂತು ಹವಾಮಾನ, ಇಂಧನ, ತೂಕ, ದಾರಿ ಎಲ್ಲವನ್ನೂ ನೋಡುತ್ತಾರೆ. ಕಾನೂನಿನ ಪ್ರಕಾರ ಆ ಹಾರಾಟದ ಹೊಣೆ ಕ್ಯಾಪ್ಟನ್ನಿಗೆ ಎಷ್ಟೋ ಡಿಸ್ಪ್ಯಾಚರಿಗೂ ಅಷ್ಟೇ. ಇಬ್ಬರೂ ಒಪ್ಪದೆ ವಿಮಾನ ಹೊರಡುವಂತಿಲ್ಲ. ಖಾಸಗಿ ಪೈಲಟ್ಟಿಗೆ ಅಂಥವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ನನ್ನ ಗಂಡನೇ ಡಿಸ್ಪ್ಯಾಚರ್. ಅವರಿಗೆ ಲೈಸೆನ್ಸ್ ಇಲ್ಲ, ಬೇಕೆಂದೂ ಇಲ್ಲ. ಹವಾಮಾನದ ವರದಿ ಓದುವುದನ್ನು ಕಲಿತಿದ್ದಾರೆ, ತೂಕದ ಲೆಕ್ಕ ನೋಡುತ್ತಾರೆ, ಹಿಂದಿನ ರಾತ್ರಿ ನಾನು ಎಷ್ಟು ನಿದ್ದೆ ಮಾಡಿದೆ ಅನ್ನುವುದು ಅವರಿಗೆ ಯಾವ ಡಿಸ್ಪ್ಯಾಚರಿಗಿಂತಲೂ ಚೆನ್ನಾಗಿ ಗೊತ್ತು. ಅವರು ‘ಬೇಡ’ ಅಂದರೆ ಮುಗಿಯಿತು. ಆ ದಿನ ಕಾರಣ ಕೇಳುವ ಹಾಗಿಲ್ಲ, ವಾದ ಮಾಡುವ ಹಾಗಿಲ್ಲ. ಮರುದಿನ ಕೂತು ಮಾತಾಡಬಹುದು.

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಮಕ್ಕಳಿದ್ದಾಗ ರಾತ್ರಿ ಹಾರಾಟ ಇಲ್ಲ. ನೆಲದಿಂದ ಮೋಡದ ತಳಕ್ಕೆ ಮೂರು ಸಾವಿರ ಅಡಿ ಇರಬೇಕು. ಅಡ್ಡಗಾಳಿ ಹತ್ತು ನಾಟ್ ದಾಟಬಾರದು. ಹದಿನೈದು ನಾಟ್ ಅಡ್ಡಗಾಳಿಯಲ್ಲೂ ತಯಾರಕರು ಇಳಿಸಿ ತೋರಿಸಿದ್ದಾರೆ ಅಂತ ನಮ್ಮ ವಿಮಾನದ ಕೈಪಿಡಿ ಅನ್ನುತ್ತದೆ, ನಮಗೆ ಹತ್ತು ಸಾಕು. ಹಗಲಿನಲ್ಲಿ ಇಳಿಯುವಾಗ ಅರ್ಧ ಗಂಟೆಯ ಇಂಧನ ಮಿಕ್ಕಿರುವ ಹಾಗೆ ಹೊರಡಬೇಕು ಅನ್ನುವುದು ನಿಯಮ. ನಮ್ಮದು ಒಂದು ಗಂಟೆ. ಇಷ್ಟನ್ನೂ ಬರೆದದ್ದು ಹಾರುವ ಯೋಚನೆಯೇ ಇಲ್ಲದ ಒಂದು ದಿನ, ಊಟ ಆದ ಮೇಲೆ. ಹೊರಡುವ ಬೆಳಿಗ್ಗೆ, ಚೀಲ ಕಟ್ಟಿ ಆದ ಮೇಲೆ, ಮಕ್ಕಳು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ ಮೇಲೆ ಇಂಥ ಮಿತಿಗಳನ್ನು ಹಾಕಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಪೈಪರ್ ಸಾರಟೋಗಾ ಅನ್ನುವ ತಮ್ಮ ಸಣ್ಣ ವಿಮಾನದಲ್ಲಿ ಹೆಂಡತಿಯನ್ನೂ ಹೆಂಡತಿಯ ಅಕ್ಕನನ್ನೂ ಕೂರಿಸಿಕೊಂಡು ನ್ಯೂ ಜೆರ್ಸಿಯಿಂದ ಹೊರಟರು. ಮಾರನೆಯ ದಿನ ದಾಯಾದಿಯೊಬ್ಬರ ಮದುವೆ. ಹೊರಡುವಷ್ಟರಲ್ಲಿ ಕತ್ತಲಾಗಿತ್ತು, ಮಬ್ಬು ಇತ್ತು, ಕೆಳಗೆ ಸಮುದ್ರ. ಉಪಕರಣಗಳನ್ನಷ್ಟೇ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಅವರಿಗೆ ಇನ್ನೂ ಆಗಿರಲಿಲ್ಲ. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಹತ್ತಿರ ದಿಕ್ಕಿನ ಅರಿವು ತಪ್ಪಿ ವಿಮಾನ ನೀರಿಗೆ ಬಿತ್ತು, ಮೂವರೂ ಉಳಿಯಲಿಲ್ಲ. ಕ್ಷಿತಿಜ ಕಾಣದಿದ್ದರೆ ನಮ್ಮ ಒಳಕಿವಿ ಸುಳ್ಳು ಹೇಳುತ್ತದೆ. ವಿಮಾನ ವಾಲಿ ಸುತ್ತುತ್ತಿದ್ದರೂ ನೇರವಾಗಿ ಹೋಗುತ್ತಿದ್ದೇವೆ ಅನಿಸುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣದ ತರಬೇತಿ ಇಲ್ಲದ ಇಪ್ಪತ್ತು ಜನರಿಗೆ ಹೊರಗೆ ಏನೂ ಕಾಣದ ಹಾಗೆ ಮಾಡಿ ಪರೀಕ್ಷಿಸಿದರು. ಇಪ್ಪತ್ತು ಜನರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

ಆ ರಾತ್ರಿಯ ಬಗ್ಗೆ ಓದುವಾಗಲೆಲ್ಲ ನನಗೆ ನಮ್ಮ ಮುಹೂರ್ತಗಳು ನೆನಪಾಗುತ್ತವೆ. ಗೃಹಪ್ರವೇಶ, ನಾಮಕರಣ, ಉಪನಯನ, ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಂತ ಕರೆಯೋಲೆಯಲ್ಲಿ ಅಚ್ಚಾಗಿರುತ್ತದೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ, ಮೋಡವೂ ಯಾರಿಗೂ ಸರಿದು ದಾರಿ ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ತಂದು ನಡುವೆ ಮಕ್ಕಳನ್ನು ಕೂರಿಸಬಾರದು. ಮುಹೂರ್ತಕ್ಕೆ, ಶಾಲೆಯ ಸೋಮವಾರಕ್ಕೆ, ಊರಿಂದ ಬರುವ ಅಮ್ಮನ ಫ್ಲೈಟಿಗೆ ನಾವು ಸಣ್ಣ ವಿಮಾನ ತೆಗೆಯುವುದಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಮದುವೆ ಇದ್ದರೆ ಕಾರಿನಲ್ಲಿ ಹೋಗುತ್ತೇವೆ.

ವಿಮಾನವನ್ನು ಹೋದಲ್ಲೇ ಬಿಟ್ಟು ಬರುವುದಕ್ಕೂ ದುಡ್ಡು ಎತ್ತಿಡಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ವಿಮಾನದ ಖಾತೆಯಲ್ಲಿ ನಾವು ಬಾಡಿಗೆ ಕಾರಿಗೆ, ಒಂದು ರಾತ್ರಿಯ ಹೋಟೆಲಿಗೆ ಅಂತಲೇ ಒಂದು ಮೊತ್ತ ಇಟ್ಟಿದ್ದೇವೆ. ಬೇಸಿಗೆಯಲ್ಲಿ ಇಲ್ಲಿಯ ಕರಾವಳಿ ನಿಮಗೆಲ್ಲ ಗೊತ್ತಲ್ಲ, ಒಳನಾಡಿನಲ್ಲಿ ಸುಡುಬಿಸಿಲು ಇದ್ದಾಗಲೇ ಹಾಫ್ ಮೂನ್ ಬೇ, ವಾಟ್ಸನ್‌ವಿಲ್ ಮೇಲೆ ಸಮುದ್ರದ ಮೋಡ ಚಾಪೆ ಹಾಸಿದ ಹಾಗೆ ಬಂದು ಕೂರುತ್ತದೆ. ಒಂದು ಸಲ ವಾಟ್ಸನ್‌ವಿಲ್‌ನಲ್ಲಿ ಸಂಜೆ ಅದು ಬೇಗ ಬಂತು. ನನಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ, ಕಾನೂನಿನ ಪ್ರಕಾರ ಏರಬಹುದಿತ್ತು. ಆದರೆ ಮೋಡ ಎಂಟುನೂರು ಅಡಿಯಲ್ಲಿತ್ತು, ಫ್ರಿಜ್ ಮೇಲಿನ ಹಾಳೆ ಮೂರು ಸಾವಿರ ಅನ್ನುತ್ತಿತ್ತು. ವಿಮಾನವನ್ನು ಅಲ್ಲೇ ಹಗ್ಗ ಬಿಗಿದು ಕಟ್ಟಿ ಕಾರು ಬಾಡಿಗೆಗೆ ತೆಗೆದುಕೊಂಡು ಮನೆಗೆ ಬಂದೆವು. ದುಡ್ಡು ಮೊದಲೇ ಎತ್ತಿಟ್ಟದ್ದರಿಂದ ಯಾರಿಗೂ ನಷ್ಟ ಆಯಿತು ಅನಿಸಲಿಲ್ಲ, ಮಕ್ಕಳು ದಾರಿಯುದ್ದಕ್ಕೂ ನಿದ್ದೆ ಮಾಡಿದರು.

ಈಗ ವಿಮಾನದ ವಿಷಯ. ನಮ್ಮದು 1976ರ ಸೆಸ್ನಾ 172. ವಯಸ್ಸು ಕೇಳಿ ಹುಬ್ಬೇರಿಸುವವರೇ ಹೆಚ್ಚು. ಈ ಮಾದರಿ 1956ರಿಂದ ಕ್ಯಾನ್ಸಾಸ್‌ನಲ್ಲಿ ತಯಾರಾಗುತ್ತಿದೆ, 44,000ಕ್ಕೂ ಹೆಚ್ಚು ಕಟ್ಟಿದ್ದಾರೆ, ಪ್ರಪಂಚದಲ್ಲಿ ಬೇರೆ ಯಾವ ವಿಮಾನವೂ ಇಷ್ಟು ತಯಾರಾಗಿಲ್ಲ. 1986ರಲ್ಲಿ ಕೋರ್ಟು ಪರಿಹಾರಗಳ ಹೊರೆಗೆ ಹೆದರಿ ಸೆಸ್ನಾ ಇಂಥ ಸಣ್ಣ ವಿಮಾನಗಳನ್ನು ನಿಲ್ಲಿಸಿಬಿಟ್ಟಿತು. ಹದಿನೆಂಟು ವರ್ಷ ದಾಟಿದ ವಿಮಾನದ ಬಗ್ಗೆ ತಯಾರಕರ ಮೇಲೆ ದಾವೆ ಹೂಡುವುದಕ್ಕೆ ತಡೆ ಹಾಕುವ ಕಾನೂನು 1994ರಲ್ಲಿ ಬಂದ ಮೇಲೆಯೇ ಮತ್ತೆ ಶುರು ಮಾಡಿತು. ಹಾಗಾಗಿ ನಮ್ಮಂಥ ಸಂಬಳದ ಕುಟುಂಬಗಳ ಕೈಗೆ ಎಟಕುವುದು ಎಪ್ಪತ್ತರ ದಶಕದ ವಿಮಾನಗಳೇ. ಪ್ರತಿ ವರ್ಷ ಮೆಕ್ಯಾನಿಕ್ ಅದರ ಮೈಯನ್ನೆಲ್ಲ ಬಿಚ್ಚಿ ನೋಡುವುದು ಕಡ್ಡಾಯ. ಕೊಳ್ಳುವಾಗ ನೋಡಬೇಕಾದ್ದು ವಯಸ್ಸಿಗಿಂತ ಹೆಚ್ಚಾಗಿ ತುಕ್ಕು ಮತ್ತು ಲಾಗ್‌ಬುಕ್. ಮಾರುವವರ ಮೆಕ್ಯಾನಿಕ್ ಬೇಡ, ಆ ವಿಮಾನವನ್ನು ಮುಂಚೆ ಮುಟ್ಟದ ಬೇರೆಯವರಿಂದ ಪರೀಕ್ಷೆ ಮಾಡಿಸಿ. ಸೀಟಿನ ಕಂಬಿಗಳನ್ನು ನೀವೇ ಕೈಯಿಂದ ಅಲುಗಾಡಿಸಿ ನೋಡಿ. ಹಳೆಯ ಸೆಸ್ನಾಗಳಲ್ಲಿ ಕಂಬಿ ಸವೆದು, ಏರುವ ಹೊತ್ತಿಗೆ ಪೈಲಟ್ಟಿನ ಸೀಟು ಹಿಂದಕ್ಕೆ ಜಾರಿದ್ದುಂಟು. ಅದಕ್ಕೆಂದೇ ಪದೇ ಪದೇ ತಪಾಸಣೆ ಮಾಡಬೇಕೆಂಬ ಸರಕಾರಿ ಆದೇಶ ಇದೆ.

ದುಡ್ಡು. ನಾವು ಮೂರು ಮನೆಯವರು ಸೇರಿ ಕೊಂಡಿದ್ದೇವೆ, ವಿಮೆ, ನಿಲ್ಲಿಸುವ ಜಾಗದ ಬಾಡಿಗೆ, ವಾರ್ಷಿಕ ತಪಾಸಣೆ ಮೂರು ಪಾಲು. ಗಂಟೆಗೆ ಸುಮಾರು ಎಂಟು ಗ್ಯಾಲನ್ ಇಂಧನ. ಎಂಜಿನ್ ತಯಾರಕರು 2,000 ಗಂಟೆಗೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ, ಮಾಡಿಸಿ ಅನ್ನುತ್ತಾರೆ, ಅದಕ್ಕೆ ಈಗ ಮೂವತ್ತು ಸಾವಿರ ಡಾಲರ್ ದಾಟುತ್ತದೆ, ಅಂದರೆ ಹಾರಿದ ಪ್ರತಿ ಗಂಟೆಗೆ ಹದಿನೈದು ಡಾಲರ್ ಡಬ್ಬಿಗೆ ಹಾಕಲೇಬೇಕು. ವಿಮೆಯ ಪತ್ರದಲ್ಲಿ ಒಂದು ಸಾಲನ್ನು ಮಾತ್ರ ಭೂತಗನ್ನಡಿ ಹಿಡಿದು ಓದಿ: ಒಟ್ಟು ಹತ್ತು ಲಕ್ಷ ಡಾಲರ್ ಅಂತ ದೊಡ್ಡದಾಗಿ ಬರೆದು, ಒಳಗೆ ಪ್ರತಿ ಪ್ರಯಾಣಿಕರಿಗೆ ಒಂದು ಲಕ್ಷ ಮಾತ್ರ ಅಂದಿರುತ್ತದೆ. ನಿಮ್ಮ ಜೀವವಿಮೆ ಖಾಸಗಿ ಹಾರಾಟವನ್ನು ಹೊರಗಿಟ್ಟಿದೆಯೋ ಅದನ್ನೂ ನೋಡಿ. ಮಕ್ಕಳಿರುವ ಮನೆಯಲ್ಲಿ ಇದು ವಿಮಾನ ಕೊಳ್ಳುವ ಮೊದಲು ಆಗಬೇಕಾದ ಕೆಲಸ.

ತೂಕದ ಮಾತು ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾಲ್ಕು ಸೀಟು ಇದೆ ಅಂದ ಮಾತ್ರಕ್ಕೆ ನಾಲ್ಕು ಜನ ಹೋಗಬಹುದು ಅಂತಲ್ಲ. ನಮ್ಮ ವಿಮಾನ ಏರುವಾಗ ಒಟ್ಟು 2,300 ಪೌಂಡ್, ಅಂದರೆ ಸುಮಾರು 1,043 ಕಿಲೋ ದಾಟುವಂತಿಲ್ಲ. ಖಾಲಿ ವಿಮಾನವೇ ಸುಮಾರು 645 ಕಿಲೋ ತೂಗುತ್ತದೆ. ಉಳಿದದ್ದು ಹತ್ತಿರ ಹತ್ತಿರ 400 ಕಿಲೋ. ಇಂಧನ ಪೂರ್ತಿ ತುಂಬಿದರೆ ಅದರಲ್ಲಿ 114 ಹೋಯಿತು. ಮಿಕ್ಕ 285ರಲ್ಲಿ ನಾವಿಬ್ಬರು, ಎರಡು ಮಕ್ಕಳು, ಎರಡು ಕಾರ್ ಸೀಟು, ಚೀಲಗಳು ಇವತ್ತು ಸಲೀಸಾಗಿ ಹಿಡಿಯುತ್ತೇವೆ. ಮಕ್ಕಳು ಮಾತ್ರ ಬೆಳೆಯುತ್ತಿದ್ದಾರೆ, ವಿಮಾನ ಬೆಳೆಯುವುದಿಲ್ಲ. ಪ್ರತಿ ವರ್ಷ ಅವರು ಮೈಗೂಡಿಸಿಕೊಂಡ ಕಿಲೋಗಳನ್ನು ನಾನು ಇಂಧನದಿಂದಲೋ ಚೀಲದಿಂದಲೋ ಕಳೆಯಬೇಕಾಗುತ್ತದೆ. ಊರಿಂದ ಅಮ್ಮ, ಅತ್ತೆ ಬಂದರೆ ನಾಲ್ಕು ದೊಡ್ಡವರಾದೆವು. ಟ್ಯಾಂಕ್ ತುಂಬಿದ್ದರೆ ಒಂದು ಕೈಚೀಲಕ್ಕೂ ಜಾಗವಿಲ್ಲ. ಅಮ್ಮನ ಮುಂದೆ ತಕ್ಕಡಿ ಇಟ್ಟು ‘ಹತ್ತು’ ಅನ್ನುವುದು ನಮ್ಮ ಕಡೆ ಅಷ್ಟು ಸುಲಭ ಅಲ್ಲ. ನಾನು ಇಡುತ್ತೇನೆ, ಮೊದಲು ನಾನೇ ಹತ್ತಿ ತೋರಿಸುತ್ತೇನೆ, ಅವರೂ ಹತ್ತುತ್ತಾರೆ.

ಇದಕ್ಕೆ ಬಿಸಿಲು, ಎತ್ತರ ಸೇರಿದರೆ ಲೆಕ್ಕ ಮತ್ತೂ ಬಿಗಿಯಾಗುತ್ತದೆ. ಲೇಕ್ ಟಾಹೋ ಹತ್ತಿರದ ಟ್ರಕೀ ಏರ್‌ಪೋರ್ಟ್ 5,904 ಅಡಿ ಎತ್ತರದಲ್ಲಿದೆ. ಮೂವತ್ತು ಡಿಗ್ರಿ ಬಿಸಿಲಿದ್ದರೆ ಅಲ್ಲಿಯ ತೆಳುಗಾಳಿ ಎಂಜಿನ್ನಿಗೂ ರೆಕ್ಕೆಗೂ ಒಂಬತ್ತು ಸಾವಿರ ಅಡಿಯ ಗಾಳಿಯ ಹಾಗೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 645 ಅಡಿ ಏರುವ ವಿಮಾನ ಅಲ್ಲಿ ತುಂಬು ಭಾರದಲ್ಲಿ ಮುನ್ನೂರು ಅಡಿಯೂ ಏರುವುದಿಲ್ಲ, ಸುತ್ತಲೂ ಸಿಯೆರಾ ಬೆಟ್ಟಗಳು. ಬೇಸಿಗೆಯ ಮಧ್ಯಾಹ್ನ ಅಲ್ಲಿಂದ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಏರುವ ಮಾತೇ ಇಲ್ಲ. ನಮಗೆ ಹೇಳಿ ಮಾಡಿಸಿದ ಜಾಗ ಕ್ಯಾಲಿಫೋರ್ನಿಯಾದಲ್ಲೇ ಇರುವ ಕೊಲಂಬಿಯಾ. ಚಿನ್ನ ಹುಡುಕಿಕೊಂಡು ಜನ ಮುಗಿಬಿದ್ದ ಕಾಲದ ಹಳೆಯ ಊರು, ಈಗ ಅದೇ ಒಂದು ಸ್ಟೇಟ್ ಪಾರ್ಕ್. ಏರ್‌ಪೋರ್ಟಿನಿಂದ ನಡೆದುಕೊಂಡೇ ಊರೊಳಗೆ ಹೋಗಬಹುದು, ವಿಮಾನ ನಿಲ್ಲಿಸಿ ಟೆಂಟ್ ಹಾಕಬಹುದು. ಕಾರಿನಲ್ಲಿ ಎರಡೂವರೆ ಮೂರು ಗಂಟೆ ಹಿಡಿಯುವುದು ಗಾಳಿಯಲ್ಲಿ ಒಂದು ಗಂಟೆಯೊಳಗೆ ಆಗುತ್ತದೆ. ನಾಲ್ಕು ವರ್ಷದ ಮಗುವಿನ ತಾಳ್ಮೆಯೂ ಹೆಚ್ಚು ಕಡಿಮೆ ಅಷ್ಟೇ.

ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ನಿಯಮ ಬಿಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿಯ ಹೊಡೆತಕ್ಕೆ ವಿಮಾನ ಮೂರು ಪಟ್ಟು ಗುರುತ್ವದಲ್ಲಿ ಎಗರಿದರೆ ಒಂಬತ್ತು ಕಿಲೋ ಮಗು ಇಪ್ಪತ್ತೇಳು ಕಿಲೋ ಆಗುತ್ತದೆ, ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ವಿಮಾನಕ್ಕೂ ಪ್ರಮಾಣಿತ ಅಂತ ಕೆಂಪು ಅಕ್ಷರದಲ್ಲಿ ಬರೆದಿರುವ ಕಾರ್ ಸೀಟೇ ಆಗಬೇಕು. ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಬೇಕು, ಹಳೆಯ ವಿಮಾನಗಳ ಹಿಂದಿನ ಸೀಟಿನಲ್ಲಿ ಬರೀ ಸೊಂಟದ ಬೆಲ್ಟ್ ಇರುತ್ತದೆ. ನಾವು ಬಣ್ಣ ಮಾಡಿಸುವುದನ್ನು ಮುಂದಕ್ಕೆ ಹಾಕಿ ಮೊದಲು ಭುಜದ ಬೆಲ್ಟ್ ಹಾಕಿಸಿದೆವು. ಕಿವಿಗೆ ಮಕ್ಕಳ ಅಳತೆಯ ಹೆಡ್‌ಸೆಟ್. ನೆಗಡಿ ಇದ್ದ ದಿನ ಹಾರಾಟ ಇಲ್ಲ, ಇಳಿಯುವಾಗ ಕಿವಿ ಕಟ್ಟಿ ನೋವಿಗೆ ಅಳುತ್ತವೆ. ನೆಗಡಿ ಇಲ್ಲದಿದ್ದರೂ ನಿಮಿಷಕ್ಕೆ ಮುನ್ನೂರು ನಾನೂರು ಅಡಿಗಿಂತ ಜೋರಾಗಿ ಇಳಿಸುವುದಿಲ್ಲ, ಆ ಹೊತ್ತಿಗೆ ಬಾಯಲ್ಲಿ ಏನಾದರೂ ಇರಬೇಕು: ಕೂಸಿಗೆ ಹಾಲು, ದೊಡ್ಡವರಿಗೆ ಪೆಪ್ಪರ್‌ಮೆಂಟು. ಬೆಳಿಗ್ಗೆ ಬೇಗ ಹೊರಟರೆ ಗಾಳಿ ಶಾಂತ. ಮಧ್ಯಾಹ್ನ ಸೆಂಟ್ರಲ್ ವ್ಯಾಲಿಯ ಕಾದ ನೆಲದಿಂದ ಏಳುವ ಗಾಳಿ ಹೊಟ್ಟೆ ತೊಳಸುತ್ತದೆ.

ಕಾಣದ ಒಂದು ಅಪಾಯ ಇದೆ, ಅದನ್ನು ಒತ್ತಿ ಹೇಳಬೇಕು. ಇಂಥ ವಿಮಾನದಲ್ಲಿ ಬೆಚ್ಚಗಿನ ಗಾಳಿ ಬರುವುದು ಎಂಜಿನ್ನಿನ ಹೊಗೆ ಸಾಗುವ ಮಫ್ಲರಿನ ಸುತ್ತ ಹಾಯ್ದು. ಮಫ್ಲರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಕ್ಕಳು ಸುಮ್ಮನೆ ನಿದ್ದೆ ಹೋದ ಹಾಗೆ ಕಾಣುತ್ತದೆ. ಇದರ ಡಿಟೆಕ್ಟರನ್ನು ಕಡ್ಡಾಯ ಮಾಡಿ ಅಂತ ಅಪಘಾತ ತನಿಖೆಯ ರಾಷ್ಟ್ರೀಯ ಮಂಡಳಿ 2022ರಲ್ಲಿ ಶಿಫಾರಸು ಮಾಡಿತು. ಕಡ್ಡಾಯ ಆಗಲಿ ಬಿಡಲಿ, ಕಿರುಚುವ ಎಲೆಕ್ಟ್ರಾನಿಕ್ ಡಿಟೆಕ್ಟರ್ ಇಲ್ಲದ ವಿಮಾನದಲ್ಲಿ ಮಕ್ಕಳನ್ನು ಕೂರಿಸಬೇಡಿ.

ನನಗೇ ಏನಾದರೂ ಆದರೆ? ಗಂಡ ಒಬ್ಬ ತರಬೇತುದಾರರ ಜೊತೆ ಕೂತು ಅಷ್ಟಕ್ಕೆ ಬೇಕಾದ್ದನ್ನು ಕಲಿತಿದ್ದಾರೆ. ಆಟೊಪೈಲಟ್ಟಿನ ‘ಲೆವೆಲ್’ ಗುಂಡಿ ಒತ್ತುವುದು, ರೇಡಿಯೊದಲ್ಲಿ ತುರ್ತಿನ ತರಂಗಾಂತರ 121.5ಕ್ಕೆ ಹೋಗಿ ಸಹಾಯ ಕೇಳುವುದು, ಕೊನೆಗೆ ರನ್‌ವೇ ಮೇಲೆ ಇಳಿಸುವುದು. 2022ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಪೈಲಟ್ ಎಚ್ಚರ ತಪ್ಪಿದಾಗ, ವಿಮಾನ ಹಾರಿಸಿಯೇ ಗೊತ್ತಿಲ್ಲದ ಪ್ರಯಾಣಿಕರೊಬ್ಬರು ಕಂಟ್ರೋಲರ್ ಹೇಳಿದ ಹಾಗೆ ಮಾಡುತ್ತಾ ಸೆಸ್ನಾ ಕ್ಯಾರವಾನ್ ಅನ್ನು ಪಾಮ್ ಬೀಚ್‌ನಲ್ಲಿ ಕ್ಷೇಮವಾಗಿ ಇಳಿಸಿದರು. ಏನೂ ಗೊತ್ತಿಲ್ಲದವರಿಂದಲೇ ಅಷ್ಟಾಯಿತು. ನಿಮ್ಮ ಪಕ್ಕದಲ್ಲಿ ಕೂರುವವರಿಗೆ ಎರಡು ವಾರಾಂತ್ಯ ಕೊಟ್ಟು ಕಲಿಸಿ.

ಇನ್ನೊಂದು ವಿಷಯ ಹೇಳದೆ ನಾನು ವೇದಿಕೆ ಇಳಿಯಲಾರೆ. ನಮ್ಮ ಇಂಧನದಲ್ಲಿ ಸೀಸ ಇದೆ. ಏವ್‌ಗ್ಯಾಸ್ ಅನ್ನುವ 100 ಆಕ್ಟೇನ್ ವಿಮಾನದ ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ ಸುಮಾರು ಎರಡು ಗ್ರಾಂ. ಅಮೆರಿಕದ ರಸ್ತೆಗಳಿಂದ ಅದನ್ನು 1996ರಲ್ಲಿ ಪೂರ್ತಿ ತೆಗೆದರು, ಭಾರತದಲ್ಲಿ 2000ದಲ್ಲಿ, ಸಣ್ಣ ವಿಮಾನದಲ್ಲಿ ಇನ್ನೂ ಉಳಿದಿದೆ. ಇಲ್ಲೇ ಈಸ್ಟ್ ಸ್ಯಾನ್ ಹೊಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟ್ ಸುತ್ತ ಮಕ್ಕಳ ರಕ್ತ ಪರೀಕ್ಷೆಗಳನ್ನು ಅಧ್ಯಯನ ಮಾಡಿದಾಗ, ಹತ್ತಿರ ಇರುವ ಮಕ್ಕಳಲ್ಲಿ ಸೀಸ ಹೆಚ್ಚು ಅಂತ 2021ರಲ್ಲಿ ವರದಿ ಬಂತು, 2022ರ ಜನವರಿಯಿಂದ ಕೌಂಟಿ ಅಲ್ಲಿ ಸೀಸದ ಇಂಧನ ಮಾರುವುದನ್ನು ನಿಲ್ಲಿಸಿತು. ಪೈಲಟ್‌ಗಳಲ್ಲಿ ಬಹಳ ಜನ ಇದನ್ನು ವಿರೋಧಿಸಿದರು. ತಪ್ಪು ಇಂಧನ ಹಾಕಿಕೊಂಡು ಎಂಜಿನ್ ನಿಲ್ಲುವ ಭಯ ಅವರದ್ದು, ಅದು ಸುಳ್ಳಲ್ಲ, ಹೆಚ್ಚು ಕಂಪ್ರೆಷನ್ನಿನ ಎಂಜಿನ್‌ಗಳಿಗೆ ಬದಲಿಗೆ ಬಂದ ಸೀಸವಿಲ್ಲದ 94 ಆಕ್ಟೇನ್ ಇಂಧನ ಸಾಲದು. ಆದರೆ ನನ್ನ ಮಕ್ಕಳ ಸಂತೋಷಕ್ಕೆ ಬೇಲಿಯಾಚೆ ಆಡುವ ಮಕ್ಕಳು ಸೀಸ ಉಸಿರಾಡಬೇಕು ಅನ್ನುವುದನ್ನು ನಾನು ಒಪ್ಪಲಾರೆ. ನಮ್ಮ ಹಳೆಯ ಎಂಜಿನ್ನಿನ ಕಂಪ್ರೆಷನ್ ಕಡಿಮೆ, ಸೀಸವಿಲ್ಲದ 94 ಅದಕ್ಕೆ ಸಾಕು, ಸಿಕ್ಕಲ್ಲೆಲ್ಲ ಅದನ್ನೇ ಹಾಕಿಸುತ್ತೇನೆ. ಹೊರಡುವ ಮುಂಚೆ ಟ್ಯಾಂಕಿನ ತಳದಿಂದ ಇಂಧನ ತೆಗೆದು ನೋಡುವಾಗ ಮಕ್ಕಳು ದೂರ ನಿಲ್ಲುತ್ತಾರೆ, ನಾನು ಕೈ ತೊಳೆದ ಮೇಲೆಯೇ ಅವರನ್ನು ಮುಟ್ಟುತ್ತೇನೆ.

ಪ್ರಶ್ನೆಗಳಿಗೆ ಬರೋಣ.

ಮುಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: “ಏನಮ್ಮಾ, ಮಕ್ಕಳು ಗಲಾಟೆ ಮಾಡಿದರೆ ಹೆಂಗೆ ಓಡಿಸ್ತೀಯಾ?”

ಸರ್, ಏರ್‌ಲೈನ್‌ಗಳಲ್ಲಿ ಹತ್ತು ಸಾವಿರ ಅಡಿಯ ಕೆಳಗೆ ಕಾಕ್‌ಪಿಟ್‌ನಲ್ಲಿ ಬೇಡದ ಮಾತು ಆಡಬಾರದು ಅಂತ ನಿಯಮ ಇದೆ. ನಮ್ಮಲ್ಲೂ ಏರುವಾಗ, ಇಳಿಯುವಾಗ ಮಾತಿಲ್ಲ. ‘ಈಗ ಅಮ್ಮನಿಗೆ ಕೆಲಸ’ ಅಂದರೆ ಮಗಳು ತಮ್ಮನ ಬಾಯಿಗೆ ಬೆರಳು ಇಡುತ್ತಾಳೆ. ಆದರೂ ಅತ್ತರೆ ಒಂದು ಸ್ವಿಚ್ ಇದೆ, ಹಿಂದಿನ ಸೀಟಿನ ಧ್ವನಿ ನನ್ನ ಹೆಡ್‌ಸೆಟ್ಟಿಗೆ ಬರದ ಹಾಗೆ ಮಾಡುತ್ತದೆ. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದಾರೆ, ಹಿಂದಕ್ಕೆ ತಿರುಗಿ ನೋಡಿಕೊಳ್ಳುತ್ತಾರೆ. ಅಳುವ ಮಗುವಿನ ಕಡೆ ತಿರುಗದೆ ವಿಮಾನ ಇಳಿಸುವುದು ತಾಯಿಗೆ ಕಷ್ಟವೇ, ಅದನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

“ಬೆಂಗಳೂರಿಗೆ ವಾಪಸ್ ಹೋದರೆ ಇದೆಲ್ಲ ಆಗುತ್ತಾ?”

ಹಾರುವುದಕ್ಕೆ ಬೆಂಗಳೂರು ಹೊಸ ಊರೇನಲ್ಲ. ಎಚ್‌ಎಎಲ್ 1958ರಲ್ಲೇ ಪುಷ್ಪಕ್ ಅನ್ನುವ ಎರಡು ಸೀಟಿನ ವಿಮಾನ ಹಾರಿಸಿ, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಕಟ್ಟಿಕೊಟ್ಟಿತು. ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ ವಿಮಾನ ಬಂದದ್ದೂ ಅಲ್ಲಿಂದಲೇ, ಜಕ್ಕೂರಿನಲ್ಲಿ ಸರಕಾರದ್ದೇ ತರಬೇತಿ ಶಾಲೆ ಇದೆ. ಕಲಿಯಬಹುದು. ಇಲ್ಲಿಯ ಹಾಗೆ ಭಾನುವಾರ ಬೆಳಿಗ್ಗೆ ಎದ್ದು, ಮೋಡ ನೋಡಿ, ಯಾರನ್ನೂ ಕೇಳದೆ ಪಕ್ಕದ ಊರಿಗೆ ತಿಂಡಿಗೆ ಹಾರಿಹೋಗುವುದು ಅಲ್ಲಿ ಕಷ್ಟ. ಹಾರಾಟಕ್ಕೆ ಸಾಮಾನ್ಯವಾಗಿ ವಾಯುರಕ್ಷಣೆಯ ಅನುಮತಿ ಸಂಖ್ಯೆ ಬೇಕು, ಸಣ್ಣ ಏರ್‌ಸ್ಟ್ರಿಪ್‌ಗಳೂ ಏವ್‌ಗ್ಯಾಸೂ ಎಲ್ಲೆಂದರಲ್ಲಿ ಸಿಗುವುದಿಲ್ಲ.

ಕೊನೆಗೆ ಪುಟ್ಟ ಕೂಸನ್ನು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು, “ಅಕ್ಕಾ, ನಾನು ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?” ಅಂದಳು.

ಮೊದಲು ಮೆಡಿಕಲ್ ಮಾಡಿಸು, ಶಾಲೆಗೆ ದುಡ್ಡು ಕಟ್ಟುವುದು ಆಮೇಲೆ. ಬಾಣಂತನದ ನಂತರ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈಮಾನಿಕ ವೈದ್ಯರ ಹತ್ತಿರ ಅರ್ಜಿ ತುಂಬುವ ಮೊದಲೇ ಕೇಳಿ ತಿಳಿದುಕೋ, ಕೆಲವು ಔಷಧಿಗಳಿಗೆ ಕಾಯಬೇಕಾಗುತ್ತದೆ. ಲೈಸೆನ್ಸಿಗೆ ಕಾನೂನು ನಲವತ್ತು ಗಂಟೆ ಅನ್ನುತ್ತದೆ, ಹೆಚ್ಚಿನವರಿಗೆ ಅದು ಸಾಲುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ವಾರಕ್ಕೆ ಎರಡು ಸಲ ಹೋಗುವಷ್ಟು ಸಮಯ, ದುಡ್ಡು, ಮಗು ನೋಡಿಕೊಳ್ಳುವವರು ಮೂರೂ ಇದ್ದಾಗ ಶುರು ಮಾಡು. ನಡುನಡುವೆ ಬಿಟ್ಟರೆ ಕಲಿತದ್ದನ್ನೇ ಮತ್ತೆ ಕಲಿಯಬೇಕು. ಲೈಸೆನ್ಸ್ ಬಂದ ದಿನವೇ ಕೂಸನ್ನು ಕೂರಿಸಬೇಡ. ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿಸು, ಒಬ್ಬಳೇ ಬೇರೆ ಬೇರೆ ಊರಿಗೆ ಹೋಗಿ ಬಾ, ಆಮೇಲೆ ನಿನ್ನ ಯಜಮಾನರನ್ನು ಒಬ್ಬರನ್ನೇ ಕರೆದುಕೊಂಡು ಹೋಗು. ಅವರು ಒಪ್ಪಿದ ಮೇಲೆ ಕೂಸಿನ ಸೀಟು ಕಟ್ಟು.